ತಪ್ಪು ಯಾರ ತಲೆಗೆ?



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಜನಪದ ಇವುಗಳ ಸುತ್ತ ನಡೆಯುವುದು ವಾಡಿಕೆ. ಮಾದಪ್ಪನ ಈ ಹನೂರು ಸೀಮೆಯಲ್ಲಿ ನಿಂತು ಕಂಪ್ಯೂಟರ್ ಪರದೆಯ ಬಗ್ಗೆ ಮಾತಾಡುವುದು ಕೊಂಚ ವಿಚಿತ್ರವೇ. ಆದರೆ ಇವತ್ತು ಈ ಊರಿನಲ್ಲಿ ರೇಷನ್ ಅಕ್ಕಿ, ಕೂಲಿ, ಪಹಣಿ, ಪಿಂಚಣಿ, ಗೃಹಲಕ್ಷ್ಮಿ ದುಡ್ಡು, ಬಾಣಂತಿಯ ಪೌಷ್ಟಿಕ ಆಹಾರ ಎಲ್ಲವೂ ಯಾವುದೋ ಒಂದು ಪರದೆಯನ್ನು ದಾಟಿಕೊಂಡೇ ಕೈಗೆ ಬರಬೇಕು. ಆ ಪರದೆಯನ್ನು ಯಾರೋ ಒಬ್ಬರು ಕೂತು ಬಿಡಿಸಿರುತ್ತಾರೆ. ನಾನು ಆ ಕಸುಬಿನವನು. ಇಂಟರ್ಯಾಕ್ಷನ್ ಡಿಸೈನರ್ ಎಂದು ನಮ್ಮನ್ನು ಕರೆಯುತ್ತಾರೆ. ಒಳಗಿನ ಪ್ರೋಗ್ರಾಂ ಬರೆಯುವವರು ಬೇರೆ. ಯಾವ ಬಟನ್ ಎಲ್ಲಿರಬೇಕು, ಅದನ್ನು ಒತ್ತಿದ ಮೇಲೆ ಏನು ಬರಬೇಕು, ಕೆಲಸ ಕೆಟ್ಟಾಗ ಯಂತ್ರ ಏನೆಂದು ಹೇಳಬೇಕು, ಇಷ್ಟು ನಮ್ಮ ಪಾಲು. ಎಟಿಎಂನಲ್ಲಿ ಮೊದಲು ಕಾರ್ಡ್ ಈಚೆ ಬಂದು ಆಮೇಲೆ ನೋಟು ಬರುವುದನ್ನು ಗಮನಿಸಿರುತ್ತೀರಿ. ನೋಟು ಮೊದಲು ಕೊಡುವ ಯಂತ್ರಗಳಲ್ಲಿ ಜನ ದುಡ್ಡು ಎಣಿಸಿಕೊಂಡು ಕಾರ್ಡ್ ಮರೆತು ಹೋಗುತ್ತಿದ್ದರು. ಅವರನ್ನು ಮರೆಗುಳಿಗಳೆಂದು ಬಯ್ಯುವ ಬದಲು ಯಾರೋ ಕ್ರಮ ತಿರುಗಿಸಿದರು. ಸಣ್ಣ ಕೆಲಸ. ಆದರೆ ತಪ್ಪು ಜನರದ್ದಲ್ಲ, ಯಂತ್ರದ ಕ್ರಮದ್ದು ಎಂದು ಒಪ್ಪಿಕೊಂಡ ಮೇಲೆ ಮಾತ್ರ ಆಗುವ ಕೆಲಸ.

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಒಂದು ಒಳ್ಳೆಯ ಪೂರ್ವಕಥೆ ಇದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಗಂಟಿನಿಂದ ಕಂಪ್ಯೂಟರಿಗೆ ಹೋದವು. 177 ತಾಲ್ಲೂಕು ಕಚೇರಿಗಳಲ್ಲಿ ಕೌಂಟರ್ ತೆರೆದವು. ಹನೂರು ಆಗ ತಾಲ್ಲೂಕಾಗಿರಲಿಲ್ಲ, ಇಲ್ಲಿನವರು ಕೊಳ್ಳೇಗಾಲಕ್ಕೇ ಹೋಗಬೇಕಿತ್ತು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ. ಅದರ ವೇಗದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ವಿನ್ಯಾಸದಲ್ಲಿದ್ದ ಮೂರು ಸಂಗತಿಗಳು. ಕೌಂಟರಿನಲ್ಲಿ ಎರಡು ಪರದೆ: ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ಟೈಪ್ ಮಾಡುತ್ತಿದ್ದಾರೆ ಎಂಬುದನ್ನು ಹೊರಗೆ ನಿಂತವನೂ ನೋಡಬಹುದು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿ: ಮೊದಲು ಬಂದದ್ದು ಮೊದಲು, ನಡುವೆ ಯಾರದ್ದನ್ನೂ ನುಸುಳಿಸುವ ಹಾಗಿಲ್ಲ. ಮೂರನೆಯದು, ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಆಮೇಲೆ ‘ನಾನು ಮಾಡಿದ್ದಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕಿದ್ದಾರೆ’ ಎನ್ನುವಂತಿಲ್ಲ.

ಈ ಮೂರನೆಯದನ್ನು ಸ್ವಲ್ಪ ಹಿಡಿದು ನೋಡೋಣ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ರಾಜ್ಯ ಹೆಬ್ಬೆಟ್ಟು ಕೇಳಿದ್ದು ಅಧಿಕಾರಿಯನ್ನು. ಈಗ ಕೇಳುತ್ತಿರುವುದು ರೇಷನ್ ಅಕ್ಕಿಗೆ ಬಂದ ಮುದುಕಿಯನ್ನು. ಯಂತ್ರ ಹೆಚ್ಚುಕಡಿಮೆ ಅದೇ. ಅನುಮಾನದ ದಿಕ್ಕು ತಿರುಗಿದೆ. ಭೂಮಿ ಯೋಜನೆಗೂ ಟೀಕಾಕಾರರಿದ್ದರು, ಇದ್ದಾರೆ. ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಅಂಚಿನಲ್ಲಿ ದೊಡ್ಡ ದೊಡ್ಡವರು ಜಮೀನು ಹುಡುಕಿ ಹಿಡಿಯುವುದು ಸುಲಭವಾಯಿತು ಎಂದು ಸಂಶೋಧಕರು ವಾದಿಸಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಅಧಿಕಾರ ಇದ್ದವನ ಮೇಲೆ ಕಣ್ಣಿಡಬೇಕು ಎಂಬ ಎಣಿಕೆ ಆ ಪರದೆಯಲ್ಲಿತ್ತು.

ಈ ಸೀಮೆಯ ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಬೆಳಗ್ಗೆ ಪೂರ್ತಿ ನಿಂತಿದ್ದೆ. ಊರಿನ ಹೆಸರು ಬೇಡ. ಅರಿಸಿನ ಬೇಯಿಸಿ, ಮುಸುಕಿನ ಜೋಳ ಬಿಡಿಸಿ ಸವೆದ ಕೈಗಳ ಸಾಲು. ಒಬ್ಬ ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಗಾಜಿನ ಮೇಲಿಟ್ಟರು. ಕೆಂಪು ದೀಪ. ಎಣ್ಣೆ ಹಚ್ಚಿದ ತಲೆಗೂದಲಿಗೆ ಬೆಟ್ಟು ಉಜ್ಜಿಕೊಂಡು ಮತ್ತೆ ಇಟ್ಟರು. ಮತ್ತೆ ಕೆಂಪು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಪಕ್ಕದಲ್ಲೊಂದು ಸಂಖ್ಯೆ. ಅಂಗಡಿಯವನು ಅದನ್ನು ಓದಲೂ ಇಲ್ಲ. ‘ಅವ್ವ, ನಿನ್ ಬೆಟ್ಟು ತಗೋತಾ ಇಲ್ಲ, ನಾಳಿಕ್ ಬಾ’ ಎಂದ. ‘ನನ್ ಬೆಟ್ಟೇ ಕನಪ್ಪ ಇದು, ಇನ್ಯಾರ್ದು’ ಎಂದು ಅಜ್ಜಿ ತಾವೇ ಏನೋ ತಪ್ಪು ಮಾಡಿದವರಂತೆ ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅಂಗಡಿಯವನು ಕೆಟ್ಟವನೇನೂ ಅಲ್ಲ, ಆ ಹೊತ್ತಿಗೆ ಅವನೂ ಬೇಸತ್ತಿದ್ದ. ಅವನ ಹಿಂದೆ ಗೋಡೆಯಲ್ಲಿ ಯಾವ ತಿಂಗಳಿಗೆ ಎಷ್ಟು ಅಕ್ಕಿ ಎಂಬ ಬೋರ್ಡು ಇತ್ತು. ಬೆರಳು ಒಪ್ಪದಿದ್ದರೆ ಏನು ಮಾಡಬೇಕು ಎಂಬುದು ಬೋರ್ಡಿನಲ್ಲೂ ಇರಲಿಲ್ಲ, ಪರದೆಯಲ್ಲೂ ಇರಲಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿ ತರಿಸಬಹುದು. ಬೆರಳನ್ನು ತಾಳೆ ನೋಡುವ ಆಧಾರ್ ವಿಷಯದಲ್ಲಿ ಕೋರ್ಟಿನ ಮಾತೂ ಒಂದಿದೆ. ಆಧಾರ್ ಪ್ರಕರಣವನ್ನು ಸುಪ್ರೀಂ ಕೋರ್ಟಿಗೆ ಮೊದಲು ಒಯ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ. ಅವರ ಹೆಸರಿನ ಆ ಪ್ರಕರಣದ 2018ರ ತೀರ್ಪಿನಲ್ಲಿ, ದೃಢೀಕರಣ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪುವುದಿಲ್ಲ ಎಂಬ ಸರ್ಕಾರದ ಭರವಸೆಯನ್ನು ಕೋರ್ಟು ದಾಖಲಿಸಿಕೊಂಡಿದೆ. ದೆಹಲಿಯಲ್ಲಿ ಕೊಟ್ಟ ಆ ಭರವಸೆಗೆ ಇಲ್ಲಿನ ಯಂತ್ರದಲ್ಲಿ ಒಂದು ಬಟನ್ ಬೇಕಿತ್ತು. ಆ ಬೆಳಗ್ಗೆ ನಾನು ಕಂಡ ಪರದೆಯಲ್ಲಿ ಅದು ಇರಲಿಲ್ಲ. ಕಾನೂನು ಪುಸ್ತಕದಲ್ಲಿದ್ದು ಪರದೆಯಲ್ಲಿಲ್ಲದ ಹಕ್ಕು ಆ ಸಾಲಿನಲ್ಲಿ ನಿಂತವರಿಗೆ ಇದ್ದೂ ಇಲ್ಲದ ಹಾಗೆ.

ಇನ್ನು ಯಂತ್ರ ‘ನೀನು ನೀನಲ್ಲ’ ಎಂದು ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಸುಬಿನ ನೈತಿಕ ಪ್ರಶ್ನೆ ಕೂತಿರುವುದೇ ಅಲ್ಲಿ. ಬೆರಳಾಗಲಿ ಮುಖವಾಗಲಿ, ಹೋಲಿಸುವ ಪ್ರೋಗ್ರಾಂ ಹೌದು ಅಥವಾ ಇಲ್ಲ ಎಂದು ಹೇಳುವುದೇ ಇಲ್ಲ. ಅದು ಕೊಡುವುದು ಒಂದು ಅಂಕ: ಹಳೆಯ ಚಿತ್ರಕ್ಕೂ ಈಗಿನದಕ್ಕೂ ಇಷ್ಟು ಹೋಲಿಕೆ ಎಂದು. ಎಷ್ಟು ಅಂಕ ಬಂದರೆ ಪಾಸು ಎಂಬ ಗೆರೆಯನ್ನು ಎಳೆಯುವವರು ಮನುಷ್ಯರು. ಗೆರೆ ಮೇಲಕ್ಕೇರಿಸಿದರೆ ಇನ್ನೊಬ್ಬರ ಹೆಸರಲ್ಲಿ ಅಕ್ಕಿ ಒಯ್ಯುವವರು ಕಡಿಮೆಯಾಗುತ್ತಾರೆ, ಸ್ವಂತ ಬೆರಳಿದ್ದೂ ವಾಪಸು ಹೋಗುವವರು ಹೆಚ್ಚುತ್ತಾರೆ. ಇಳಿಸಿದರೆ ತಿರುವುಮುರುವು. ತಪ್ಪೇ ಆಗದ ಗೆರೆ ಅಂತ ಯಾವುದೂ ಇಲ್ಲ. ಗೆರೆ ಎಳೆಯುವವನು ನಿಜಕ್ಕೂ ನಿರ್ಧರಿಸುವುದು ಆಗಿಯೇ ತೀರುವ ತಪ್ಪು ಯಾರ ತಲೆಯ ಮೇಲೆ ಬೀಳಲಿ ಎಂಬುದನ್ನು. ಖಜಾನೆಯ ಮೇಲೋ, ಅಜ್ಜಿಯ ಮೇಲೋ?

ಅಲ್ಲಿಂದ ಮುಂದಕ್ಕೆ ಡಿಸೈನರ್ ಬರುತ್ತಾನೆ. ಅಂಕ ನೂರಕ್ಕೆ ಐವತ್ತೆಂಟು ಬಂದಿತ್ತು, ಅರವತ್ತು ಬೇಕಿತ್ತು ಎಂದಿಟ್ಟುಕೊಳ್ಳಿ. ಅವನು ಪರದೆಯ ಮೇಲೆ ಬರೆಯುವುದು ‘ಹೊಂದಿಕೆಯಾಗಿಲ್ಲ’ ಎಂದು. ಎರಡು ಅಂಕದ ಅನುಮಾನ ಆ ಒಂದು ಸಾಲಿನಲ್ಲಿ ಅಳಿಸಿಹೋಗಿ ತೀರ್ಪಾಗುತ್ತದೆ. ‘ಯಂತ್ರಕ್ಕೆ ಗುರುತು ಹತ್ತುತ್ತಿಲ್ಲ, ಕಾರ್ಡ್ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡು ರೇಷನ್ ಕೊಡಿ’ ಎಂದೂ ಬರೆಯಬಹುದಿತ್ತು. ಮೊದಲನೆಯ ಸಾಲು ಅಜ್ಜಿಯನ್ನು ಆಪಾದಿತೆ ಮಾಡುತ್ತದೆ. ಎರಡನೆಯದು ಯಂತ್ರದ ಕೈಲಾಗದ್ದನ್ನು ಯಂತ್ರದ ಮೇಲೇ ಹಾಕುತ್ತದೆ, ಮನುಷ್ಯನಿಗೆ ಮುಂದಿನ ಕೆಲಸ ಹೇಳುತ್ತದೆ. ಇದನ್ನು ಬರೆಯಲು ಎಐ, ಅಂದರೆ ಕೃತಕ ಬುದ್ಧಿಮತ್ತೆಯ ತಂತ್ರಜ್ಞಾನ ಮುಂದುವರಿಯಬೇಕಾಗಿಲ್ಲ.

ಮುಖದ ವಿಷಯಕ್ಕೆ ಬರೋಣ. 2025ರ ಜುಲೈ 1ರಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆಪಿನಲ್ಲಿ ಮುಖ ಗುರುತಿಸುವುದು ಕಡ್ಡಾಯವಾಯಿತು. ಗರ್ಭಿಣಿಯ ಮುಖ ತಿಂಗಳು ತಿಂಗಳಿಗೆ ಊದುತ್ತದೆ, ಬಾಣಂತಿಯದು ಬತ್ತುತ್ತದೆ, ಇದು ಎಲ್ಲ ತಾಯಂದಿರಿಗೂ ಗೊತ್ತು. ಅಂಗನವಾಡಿ ಕೋಣೆಯಲ್ಲಿ ಬೆಳಕು ಎಷ್ಟಿರುತ್ತದೆ ಎಂಬುದು ಕಾರ್ಯಕರ್ತೆಯರಿಗೆ ಗೊತ್ತು. 2018ರಲ್ಲಿ ಜಾಯ್ ಬುವೊಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ದೊಡ್ಡ ಕಂಪನಿಗಳ ಪ್ರೋಗ್ರಾಂಗಳಿಗೆ ಮುಖ ತೋರಿಸಿ ‘ಇದು ಗಂಡೋ ಹೆಣ್ಣೋ’ ಎಂದು ಕೇಳಿ ಪರೀಕ್ಷಿಸಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8. ಕಪ್ಪು ಹೆಂಗಸರ ವಿಷಯದಲ್ಲಿ ಒಂದು ಪ್ರೋಗ್ರಾಂ ಶೇ 34.7ರಷ್ಟು ಎಡವಿತ್ತು. ಅದಾದ ಮೇಲೆ ಪ್ರೋಗ್ರಾಂಗಳು ಸುಧಾರಿಸಿವೆ, ಮತ್ತು ಆ ಪರೀಕ್ಷೆಯೂ ಅಂಗನವಾಡಿಯಲ್ಲಿ ಆಗುವುದೂ ಒಂದೇ ಕೆಲಸವಲ್ಲ. ಆದರೆ ಯಾರ ಮುಖ ಹೆಚ್ಚಾಗಿ ಹಾಕಿ ಕಲಿಸಿದರೋ ಅವರ ಮುಖದಲ್ಲೇ ಯಂತ್ರ ಪಳಗುತ್ತದೆ ಎಂಬ ಮೂಲ ಸಂಗತಿ ಬದಲಾಗಿಲ್ಲ.

ನರೇಗಾ ಕಾಮಗಾರಿಯಲ್ಲಿ 2023ರ ಜನವರಿ 1ರಿಂದ ಆಪಿನಲ್ಲೇ ಹಾಜರಿ ಎಂದಾಯಿತು. ಬೆಳಗ್ಗೆ ಒಂದು, ಮಧ್ಯಾಹ್ನದ ಕಡೆ ಒಂದು ಗುಂಪಿನ ಫೋಟೊ. ನಮ್ಮಲ್ಲಿ ಅದನ್ನು ತೆಗೆಯಬೇಕಾಗಿದ್ದವರು ಕೂಲಿಯವರ ಗುಂಪು ನೋಡಿಕೊಳ್ಳುವ ಕಾಯಕ ಬಂಧು. ಕೆಲಸ ಬೇಗ ಮುಗಿಸಿದವರೂ ಎರಡನೆಯ ಫೋಟೊಗೆ ಬಿಸಿಲಲ್ಲಿ ಕಾಯಬೇಕಿತ್ತು. ಬೆಟ್ಟದಂಚಿನ ಊರುಗಳಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರ ಹಾಕುತ್ತಿದ್ದಾರೆ, ಫೋಟೊದ ಫೋಟೊ ತೆಗೆದು ಕಳಿಸುತ್ತಿದ್ದಾರೆ ಎಂದು ಹೇಳಬೇಕಾಯಿತು. ಕಳ್ಳನಿಗೆ ದಾರಿ ಸಿಕ್ಕಿತ್ತು, ಕೂಲಿಯವರು ಬಿಸಿಲಲ್ಲಿ ನಿಂತಿದ್ದರು.

ಒಂದೊಂದು ಬೆರಳು, ಒಂದೊಂದು ಫೋಟೊ ಆದರೆ ಕೊನೆಗೆ ಎದುರಿಗೆ ಒಬ್ಬ ಮನುಷ್ಯನಾದರೂ ಇರುತ್ತಾನೆ. ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿ ಯಾರು ಅನರ್ಹರು ಎಂದು ಯಂತ್ರವೇ ಪಟ್ಟಿ ತೆಗೆಯುವ ಕಡೆ ಆ ಮನುಷ್ಯನೂ ಇರುವುದಿಲ್ಲ. ತೆಲಂಗಾಣದಲ್ಲಿ ಹೀಗೆ ಕಂಪ್ಯೂಟರ್ ಮಾಹಿತಿ ನೋಡಿ ಲಕ್ಷಗಟ್ಟಲೆ ರೇಷನ್ ಕಾರ್ಡ್ ರದ್ದು ಮಾಡಿದ್ದು ಸುಪ್ರೀಂ ಕೋರ್ಟಿನ ತನಕ ಹೋಗಿ, 2022ರಲ್ಲಿ ಸ್ಥಳಕ್ಕೇ ಹೋಗಿ ಮರುಪರಿಶೀಲಿಸಿ ಎಂಬ ಆದೇಶವಾಯಿತು. ನಮ್ಮಲ್ಲೇ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗಲಾಟೆ ಎದ್ದು, ಅರ್ಹರ ಕಾರ್ಡ್ ವಾಪಸು ಕೊಡಿ ಎಂದು ಸರ್ಕಾರ ಹೇಳಬೇಕಾದ್ದು ನಿಮಗೆ ನೆನಪಿರಬಹುದು. ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ತಮ್ಮ ಹೆಸರು ಹೇಗೆ ಬಂತೆಂದು ಗೊತ್ತಿಲ್ಲದ ಹೆಂಗಸರು ಗೃಹಲಕ್ಷ್ಮಿ ವಿಷಯದಲ್ಲೂ ಕಚೇರಿ ಅಲೆದರು. ಇಂಥ ಕಡೆ ನಾನು ಡಿಸೈನರ್‌ಗಳನ್ನು ಕೇಳುವುದು ಒಂದೇ. ಇಲಾಖೆಯವರು ನೋಡುವ ಪರದೆಯಲ್ಲಿ ಹಸಿರು ಕೆಂಪು ಬಣ್ಣದ ಚಂದದ ನಕ್ಷೆ ಬಿಡಿಸಿಕೊಟ್ಟಿದ್ದೀರಿ. ಪಟ್ಟಿಯಲ್ಲಿ ಹೆಸರು ಬಂದವಳಿಗೆ ನೀವು ಯಾವ ಪರದೆ ಬಿಡಿಸಿದಿರಿ? ಯಾವ ದಾಖಲೆ ನೋಡಿ ಹೀಗಾಯಿತು, ಅದು ತಪ್ಪಾಗಿದ್ದರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ತೀರ್ಮಾನ ಆಗುವ ತನಕ ಅಕ್ಕಿ ನಿಲ್ಲುತ್ತದೋ ಇಲ್ಲವೋ, ಇದನ್ನು ಕನ್ನಡದಲ್ಲಿ, ಓದು ಬಾರದಿದ್ದರೆ ದನಿಯಲ್ಲಿ ಹೇಳುವ ಒಂದು ಪರದೆ? ಬಹಳ ಸಲ ಉತ್ತರ, ‘ಅದು ನಮ್ಮ ಕೆಲಸದ ವ್ಯಾಪ್ತಿಯಲ್ಲಿ ಇರಲಿಲ್ಲ’ ಎಂದು. ಇರಲಿಲ್ಲ, ನಿಜ. ಟೆಂಡರ್ ಬರೆದವರಿಗೆ ಅದು ಹೊಳೆದಿರುವುದಿಲ್ಲ. ಸೇರಿಸಿ ಎಂದು ಕೇಳುವವರು ನಾವಲ್ಲದೆ ಮತ್ಯಾರು?

ಈಗ ಮಾತಾಡುವ ಯಂತ್ರಗಳ ಕಾಲ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ಪ್ರೊಫೆಸರ್ ‘ಎಲೈಜಾ’ ಎಂಬ ಪ್ರೋಗ್ರಾಂ ಬರೆದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ವಿದ್ಯೆ. ಅದು ಬರೀ ಪ್ರೋಗ್ರಾಂ ಎಂದು ಚೆನ್ನಾಗಿ ಗೊತ್ತಿದ್ದ ಅವರ ಸ್ವಂತ ಕಾರ್ಯದರ್ಶಿಯೇ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿನಲ್ಲೇ ‘ನೀವು ಹೊರಗೆ ಹೋಗಿ’ ಎಂದು ಪ್ರೊಫೆಸರನ್ನೇ ಕಳಿಸಿದರಂತೆ. ಅಷ್ಟು ಸಣ್ಣ ಯಂತ್ರಕ್ಕೇ ಮನಸ್ಸು ತೆರೆದುಕೊಳ್ಳುವವರು ನಾವು. ಇವತ್ತಿನ ಚಾಟ್‌ಬಾಟ್‌ಗೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ, ತಡವರಿಸದೆ ಹೇಳುವ ಅಭ್ಯಾಸ. ನಮ್ಮ ರೈತ ಸಂಪರ್ಕ ಕೇಂದ್ರದ ಅಧಿಕಾರಿಗೆ ಗೊತ್ತಿಲ್ಲದಿದ್ದರೆ ಅವರು ತಲೆ ಕೆರೆದುಕೊಳ್ಳುತ್ತಾರೆ, ‘ತಡೀರಿ, ಕೇಳಿ ಹೇಳ್ತೀನಿ’ ಎನ್ನುತ್ತಾರೆ. ಆ ತಲೆ ಕೆರೆತದಿಂದ ನಮಗೆ ಎಷ್ಟೋ ತಿಳಿಯುತ್ತದೆ.

ಹನೂರು ತಾಲ್ಲೂಕಿನ ಮುಸುಕಿನ ಜೋಳವನ್ನೇ ತೆಗೆದುಕೊಳ್ಳಿ. ಅದನ್ನು ಕಾಡುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಅದಕ್ಕೆ ಹೇಳುವ ಔಷಧಿಗಳಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್ ಒಂದು, ಪ್ರಮಾಣ ಲೀಟರ್ ನೀರಿಗೆ 0.4 ಗ್ರಾಂ. ಒಬ್ಬ ರೈತ ಫೋನಿಗೆ ಕೇಳುತ್ತಾನೆ, ಫೋನು ಉತ್ತರ ಓದಿ ಹೇಳುತ್ತದೆ. ಗಾಳಿಯ ಸದ್ದಿನಲ್ಲಿ, ಸ್ಪೀಕರ್ ಗೊರಗೊರದಲ್ಲಿ ‘ಸೊನ್ನೆ ಪಾಯಿಂಟ್’ ಎಂಬಷ್ಟು ಕಿವಿಗೆ ಬೀಳದೆ ‘ನಾಲ್ಕು ಗ್ರಾಂ’ ಎಂದು ಕೇಳಿಸಿದರೆ ಹತ್ತು ಪಟ್ಟು ವಿಷ. ಯಂತ್ರ ಹೇಳಿದ್ದು ಸರಿಯಾಗಿಯೇ ಇತ್ತು ಎಂದು ಕಂಪನಿ ಲಾಗ್ ತೋರಿಸಬಹುದು. ಹಾಗಾಗಿ ಔಷಧಿಯ ಪ್ರಮಾಣ ಬಂದಾಗ ಅಷ್ಟಕ್ಕೆ ನಿಲ್ಲಿಸಿ, ‘ಎಷ್ಟು ಹಾಕುತ್ತೀರಿ, ಒಂದು ಸಲ ಹೇಳಿ’ ಎಂದು ರೈತನ ಬಾಯಿಂದಲೇ ವಾಪಸು ಹೇಳಿಸಬೇಕು. ಹತ್ತು ಲೀಟರ್ ಡಬ್ಬಕ್ಕೆ ನಾಲ್ಕು ಗ್ರಾಂ ಎಂದು ಅವನು ಅಳೆಯುವ ಲೆಕ್ಕದಲ್ಲಿ ಹೇಳಬೇಕು. ಡಬ್ಬಿಯ ಮೇಲಿನ ಚೀಟಿ ನೋಡಿ ಎನ್ನಬೇಕು. ಇದರಿಂದ ಆಪ್ ಸ್ವಲ್ಪ ನಿಧಾನವಾಗುತ್ತದೆ. ನಮ್ಮ ಉದ್ಯಮದಲ್ಲಿ ನಿಧಾನವೆಂದರೆ ಕುಂದು, ಎಲ್ಲೂ ತಡೆಯಿಲ್ಲದೆ ಜಾರಿಕೊಂಡು ಹೋಗುವಂತಿರಬೇಕು ಎಂಬುದೇ ಕಲಿಸುವ ಪಾಠ. ವಿಷದ ವಿಷಯದಲ್ಲಿ ಎಡವಿಸುವುದೇ ಒಳ್ಳೆಯ ಡಿಸೈನ್ ಎಂದು ನನ್ನ ಅಭಿಪ್ರಾಯ.

ಎಡವಿಸುವುದನ್ನು ಕೆಟ್ಟದ್ದಕ್ಕೆ ಬಳಸುವವರೂ ನಮ್ಮವರೇ. ಸಾಲದ ಆಪ್ ಸೇರುವುದು ಒಂದು ಒತ್ತು, ಬಿಡುವುದು ಏಳು ಕೋಟೆ ದಾಟಿದಂತೆ. ಇಂಥ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಿದೆ. ಅದರ ಬಗ್ಗೆ ಬೇರೆ ದಿನವೇ ಮಾತಾಡಬಹುದು, ಇವತ್ತು ಮುಂದೆ ಹೋಗುತ್ತೇನೆ.

ಏಕೆಂದರೆ ಈ ಸೀಮೆಗೆ ಎಐ ಜೊತೆ ಇನ್ನೊಂದು ನಂಟಿದೆ, ಅದು ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. ಯಂತ್ರಕ್ಕೆ ಕನ್ನಡ ಕಲಿಸಲು ದನಿ ಬೇಕು. 2023ರಲ್ಲಿ ಕೊಳ್ಳೇಗಾಲದ ಕಡೆಯ ಚಿಲಕವಾಡಿ ಮೊದಲಾದ ಹಳ್ಳಿಗಳ ಹೆಂಗಸರು ಮೊಬೈಲ್ ಮುಂದೆ ಕೂತು ಕನ್ನಡ ವಾಕ್ಯಗಳನ್ನು ಒಂದೊಂದಾಗಿ ಓದಿ ರೆಕಾರ್ಡ್ ಮಾಡಿಕೊಟ್ಟರು. ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಮಾತಾಡುವ ಒಂದು ಆಪಿಗೆ ಅದು ಬೇಕಿತ್ತು. ಕೆಲಸ ಕೊಟ್ಟಿದ್ದು ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ. ಮೈಕ್ರೋಸಾಫ್ಟಿನ ಬೆಂಗಳೂರು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ 2021ರಲ್ಲಿ ಬೇರೆಯಾದದ್ದು. ಅಮೆರಿಕದ ಟೈಮ್ ಪತ್ರಿಕೆ ಈ ಹೆಂಗಸರ ಬಗ್ಗೆ ದೊಡ್ಡ ಲೇಖನ ಬರೆಯಿತು. ಗಂಟೆಗೆ ಸುಮಾರು 5 ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ 400 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ನರೇಗಾದ ಇಡೀ ದಿನದ ಕೂಲಿ 316 ರೂಪಾಯಿ. ಆ ದನಿ ಮತ್ತೊಬ್ಬರಿಗೆ ಮಾರಾಟವಾದರೆ ಓದಿದವರಿಗೂ ಪಾಲು ಎಂಬ ಏರ್ಪಾಡು ಬೇರೆ. ಅದೇ ವರ್ಷ ಅದೇ ಪತ್ರಿಕೆ, ಚಾಟ್‌ಜಿಪಿಟಿಗಾಗಿ ಕೊಳಕು ಬರಹಗಳನ್ನು ಓದಿ ವಿಂಗಡಿಸಿದ ಕೀನ್ಯಾದ ಯುವಕರಿಗೆ ಗಂಟೆಗೆ 2 ಡಾಲರಿಗಿಂತ ಕಡಿಮೆ ಸಿಕ್ಕಿತ್ತು ಎಂದು ಬರೆದಿತ್ತು. ಅದರ ಪಕ್ಕದಲ್ಲಿಟ್ಟರೆ ನಮ್ಮ ಕಡೆ ನಡೆದದ್ದು ಮರ್ಯಾದೆಯ ಕೆಲಸ. ಇದನ್ನು ಮನಸಾರೆ ಹೇಳುತ್ತೇನೆ.

ಆದರೆ ದನಿ ಕೊಟ್ಟವರ ಮನೆಗೆ ಆ ಯಂತ್ರ ವಾಪಸು ಬರುವಾಗ ಹೇಗೆ ಬರಬೇಕು? ಯಾವುದೇ ಒಂದು ಆಪಿನ ಮಾತಲ್ಲ ಇದು. ಕ್ಷಯದ ಬಗ್ಗೆ ಸಲಹೆ ಕೊಡುವ, ಮಾತಾಡುವ ಫೋನು ಎಂದಷ್ಟೇ ಇಟ್ಟುಕೊಳ್ಳಿ. ನಾವು ಬೆಂಗಳೂರಿನಲ್ಲಿ ಕೂತು ಬಿಡಿಸುವಾಗ ಒಂದು ಫೋನಿಗೆ ಒಬ್ಬ ಮನುಷ್ಯ ಎಂದೇ ನಮ್ಮ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ಶೇ 54. ಉಳಿದವರದ್ದು ಗಂಡನ ಫೋನು, ಮಗನ ಫೋನು. ಸೊಸೆಯೊಬ್ಬಳು ಮೂರು ವಾರದ ಕೆಮ್ಮಿನ ಬಗ್ಗೆ ಗುಟ್ಟಾಗಿ ಕೇಳುತ್ತಾಳೆ. ಫೋನು ಜಗುಲಿಗೆಲ್ಲ ಕೇಳಿಸುವಂತೆ ‘ಕ್ಷಯರೋಗದ ಲಕ್ಷಣ ಇರಬಹುದು’ ಎನ್ನುತ್ತದೆ. ಅಥವಾ ಅವಳು ಕೇಳಿದ್ದೆಲ್ಲ ಸಂಜೆ ಮಗ ಫೋನ್ ತೆರೆದಾಗ ಸಾಲಾಗಿ ಕಾಣುತ್ತದೆ. ಅಥವಾ ಮಾರನೆಯ ದಿನ ಅತ್ತೆ ಹಿಡಿದಿದ್ದಾಗ ‘ಕಫ ಪರೀಕ್ಷೆ ಮಾಡಿಸಿದಿರಾ?’ ಎಂದು ಮೆಸೇಜು. ಯಂತ್ರದ ಕನ್ನಡ ಅಚ್ಚುಕಟ್ಟು, ಸಲಹೆಯೂ ಸರಿ, ಆದರೂ ಅವಳ ಬದುಕು ಕೆಟ್ಟಿತು. ಉತ್ತರ ಕಿವಿಗೆ ಹಿಡಿದಾಗ ಮಾತ್ರ ಕೇಳಿಸಬೇಕು, ಕೇಳಿದ್ದು ಒಂದೇ ಒತ್ತಿಗೆ ಅಳಿಯಬೇಕು, ತಾನಾಗಿ ಮೆಸೇಜು ಕಳಿಸುವ ಮೊದಲು ‘ಈ ಫೋನು ಇನ್ಯಾರು ನೋಡುತ್ತಾರೆ?’ ಎಂದು ಕೇಳಬೇಕು. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಬಿಡಿಸಬಹುದಾದ ಪರದೆಗಳು. ಇವು ಬೇಕು ಎಂದು ಹೊಳೆಯಬೇಕಾದರೆ ಮಾತ್ರ ಆ ಜಗುಲಿಯ ಮೇಲೆ ಕೂತಿರಬೇಕು. ದನಿ ಓದಿಕೊಟ್ಟ ಹೆಂಗಸರನ್ನೇ ಮೊದಲ ಪರೀಕ್ಷಕರನ್ನಾಗಿ, ಅದೇ ಗಂಟೆಯ ಕೂಲಿಯ ಮೇಲೆ ಕರೆದು, ‘ಬೇಡ’ ಎನ್ನುವ ಅಧಿಕಾರ ಕೊಟ್ಟು ಕೂರಿಸಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ.

ಒಪ್ಪಿಗೆಯ ವಿಷಯ ಇನ್ನೂ ಗೋಜಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಎರಡು ಒಳ್ಳೆಯ ಮಾತುಗಳಿವೆ. ನಿಮ್ಮ ಮಾಹಿತಿ ಏಕೆ ಬೇಕು ಎಂಬ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಆಯ್ಕೆ ಇರಬೇಕು. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸಲೀಸಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಎರಡನೆಯದು ಯಂತ್ರ ಕಲಿಕೆಯ ಮುಂದೆ ಸಿಕ್ಕಿಹಾಕಿಕೊಳ್ಳುತ್ತದೆ. ರೆಕಾರ್ಡ್ ಮಾಡಿದ ಕಡತವನ್ನು ಅಳಿಸಬಹುದು. ಸಾವಿರಾರು ದನಿಗಳಿಂದ ಕಲಿತ ಯಂತ್ರದ ಒಳಗಿನಿಂದ ಒಬ್ಬಳ ದನಿಯ ಪಾಲನ್ನು ಹೆಕ್ಕಿ ತೆಗೆಯುವುದು ಇವತ್ತಿಗೂ ಸಲೀಸಾದ ಕೆಲಸವಲ್ಲ. ಹಾಗಿದ್ದರೆ ‘ಒಪ್ಪುತ್ತೇನೆ’ ಬಟನ್ ಪಕ್ಕದಲ್ಲಿ ‘ಇದನ್ನು ಆಮೇಲೆ ಪೂರ್ತಿ ವಾಪಸು ಪಡೆಯಲು ಆಗದಿರಬಹುದು’ ಎಂದು ಬರೆಯುವುದು ಪ್ರಾಮಾಣಿಕತೆ. ಬರೆದರೆ ಒತ್ತುವವರು ಕಡಿಮೆಯಾಗುತ್ತಾರೆ ಎಂಬ ಹೆದರಿಕೆ ನನಗೂ ಗೊತ್ತು.

ಮೊದಲನೆಯದರ ತೊಡಕು ಈ ಬೆಟ್ಟಗಳಲ್ಲೇ ಇದೆ. ಆ 22ರಲ್ಲಿ ಕನ್ನಡವಿದೆ, ಮಾರ್ಟಳ್ಳಿ ಊರಿನವರ ತಮಿಳೂ ಇದೆ. ಕಾಡಿನ ಸೋಲಿಗ ಸಮುದಾಯದವರ ನುಡಿ ಇಲ್ಲ. ಇವತ್ತಲ್ಲ ನಾಳೆ ಯಾರೋ ಒಂದು ಮೈಕು ಹಿಡಿದು ಸೋಲಿಗರ ಪೋಡಿಗೆ, ಅಂದರೆ ಅವರ ಕೇರಿಗೆ, ಬರುತ್ತಾರೆ, ಬಹುಶಃ ಒಳ್ಳೆಯ ಉದ್ದೇಶದಿಂದಲೇ. ಗೊರುಕನ ಹಾಡು, ಗಿಡಮರದ ಹೆಸರು, ಯಾವ ಬೇರು ಯಾವ ನೋವಿಗೆ ಎಂಬುದು, ಕಾಡಿನ ಬೆಂಕಿಯ ಬಗ್ಗೆ ಹಿರಿಯರು ಹೇಳುವ ಮಾತು ಎಲ್ಲವನ್ನೂ ಯಂತ್ರಕ್ಕೆ ಕಲಿಸಲು ಕೇಳುತ್ತಾರೆ. ಆಗ ಒಬ್ಬ ಹುಡುಗನ ಮುಂದೆ ಫೋನ್ ಹಿಡಿದು ‘ಒಪ್ಪುತ್ತೇನೆ’ ಒತ್ತಿಸಿಕೊಂಡರೆ ಸಾಕೇ? ಹಾಡು ಅವನೊಬ್ಬನದ್ದಲ್ಲ, ಬೇರಿನ ತಿಳಿವಳಿಕೆಯೂ ಅವನೊಬ್ಬನದ್ದಲ್ಲ. ಕಂಸಾಳೆಯವರ ವಿಷಯದಲ್ಲೂ ಇದೇ ಪ್ರಶ್ನೆ. ಗುರುವಿನಿಂದ ದೀಕ್ಷೆ ಪಡೆದು ಮಾದಪ್ಪನ ಕಥೆ ಹಾಡುವವನ ದನಿಯನ್ನು ನಕಲು ಮಾಡಿ, ದೀಕ್ಷೆಯಿಲ್ಲದ ಯಂತ್ರದಿಂದ ಮದುವೆ ಮನೆಯ ಸ್ಪೀಕರಿನಲ್ಲಿ ಹಾಡಿಸಲು ಯಾರ ಅಪ್ಪಣೆ ಕೇಳಬೇಕು?

ಕಾನೂನಿನಲ್ಲಿ ಇದಕ್ಕೆ ಒಂದು ಎಳೆ ಸಿಗುತ್ತದೆ, ಅದು ಕಂಪ್ಯೂಟರಿನ ಕಾನೂನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ, ಸೆಕ್ಷನ್ 3(1)(ಕೆ): ಜೀವವೈವಿಧ್ಯ, ಸಾಂಸ್ಕೃತಿಕ ವೈವಿಧ್ಯಕ್ಕೆ ಸೇರಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು ಅದೇ ಕಾಯ್ದೆಯಡಿ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದವು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಗಮನ ಸೆಳೆದ ಸಂಗತಿ. ಜೇನು, ನೆಲ್ಲಿಕಾಯಿ ಯಾರದ್ದು ಎಂಬುದನ್ನು ಸಭೆ ಕೂತು ತೀರ್ಮಾನಿಸಬಹುದಾದರೆ ಹಾಡು, ಹೆಸರು, ನುಡಿಯ ವಿಷಯವನ್ನೂ ಅಲ್ಲಿಗೇ ಒಯ್ಯಬಹುದು ಎಂಬುದು ನನ್ನ ವಾದ. ವಕೀಲರು ಒಪ್ಪದಿರಬಹುದು.

ನಾನು ನೋಡಿದ ಯಾವ ಆಪಿನಲ್ಲೂ ಒಂದು ಪೋಡಿನ ಒಪ್ಪಿಗೆ ಕೇಳುವ ಪರದೆ ಇಲ್ಲ. ಇರುವುದೆಲ್ಲ ಒಬ್ಬನ ಬೆರಳಿಗೆ ಅಳತೆ ಮಾಡಿದ್ದು. ಕೆಲವು ತಿಂಗಳಿಂದ ಕಾಗದದ ಮೇಲೆ ಒಂದನ್ನು ಬಿಡಿಸುತ್ತಿದ್ದೇನೆ. ಕೇಳಿಕೆಯನ್ನು ಸೋಲಿಗರ ಮಾತಿನಲ್ಲೇ ದನಿಯಲ್ಲಿ ಹೇಳಬೇಕು. ಉತ್ತರಕ್ಕೆ ಗಡುವು ಇರಬಾರದು, ಸಭೆ ಎರಡು ಸಲ ಕೂತರೂ ಕಾಯಬೇಕು. ಹೆಂಗಸರು ಎಷ್ಟು ಜನ ಕೂತಿದ್ದರು ಎಂಬುದು ದಾಖಲಾಗಬೇಕು. ಹಾಡಿಗೆ ಹೌದು, ಬೇರಿಗೆ ಬೇಡ ಎಂದು ಬಿಡಿಬಿಡಿಯಾಗಿ ಹೇಳಲು ಬರಬೇಕು. ‘ಬೇಡ’ ಎಂದರೆ ಮತ್ತೆ ಮತ್ತೆ ಅದೇ ಪ್ರಶ್ನೆ ಏಳಬಾರದು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ: ಸಭೆಯಲ್ಲಿ ಒಮ್ಮತ ಬಾರದೆ, ಹಿರಿಯರು ಬೇಡವೆಂದು ಹುಡುಗರು ಹೌದೆಂದು ಕೂತರೆ ಪರದೆ ಏನು ತೋರಿಸಬೇಕು? ಈ ಸಭೆಯಲ್ಲಿ ಪೋಡುಗಳಿಂದ ಬಂದವರೂ ಇದ್ದೀರಿ. ಕಾಗದಗಳನ್ನು ತಂದಿದ್ದೇನೆ, ವಂದನಾರ್ಪಣೆ ಮುಗಿದ ಮೇಲೆ ಆ ಮೂಲೆಯ ಮೇಜಿನ ಮೇಲೆ ಹರಡುತ್ತೇನೆ. ಪೆನ್ಸಿಲ್ಲೂ ಇದೆ.